ರುಮಾಲಿನ ಗಂಟು, ಸರ್ವರಿನ ಗೂಡು

ನಮ್ಮ ಆಫೀಸಿನಲ್ಲಿ ಕಳೆದ ವರ್ಷ ಜಾಗದ ಜಗಳ. ಮನುಷ್ಯರು ಕೂರೋ ಜಾಗ ಅಲ್ಲ, ಸರ್ವರುಗಳು ಕೂರೋ ಜಾಗ. ಗೊತ್ತಿಲ್ಲದವರಿಗೆ ಒಂದು ಮಾತು: ಡೇಟಾ ಸೆಂಟರಿನ ರ‍್ಯಾಕ್ ಅಂದರೆ ಆಳೆತ್ತರದ ಕಬ್ಬಿಣದ ಗೂಡು. 19 ಇಂಚು ಅಗಲದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸುತ್ತಾರೆ. ಸಾಮಾನ್ಯವಾಗಿ 42 ಅಂತಸ್ತು, ಒಂದೊಂದೂ 1.75 ಇಂಚು. ನಮ್ಮವೆಲ್ಲ ತುಂಬಿದ್ದವು. ಇನ್ನೆರಡು ರ‍್ಯಾಕ್ ಬಾಡಿಗೆಗೆ ಬೇಕು ಅಂತ ನಾನೇ ಮೇಲ್ ಬರೆದೆ. "ಇರೋದ್ರಲ್ಲಿ ಏನೇನಿದೆ, ಪಟ್ಟಿ ಕೊಡು" ಅಂದರು ಮ್ಯಾನೇಜರ್. ಪಟ್ಟಿ ಎಲ್ಲಿತ್ತು? :-)

ಅಷ್ಟರಲ್ಲಿ ದೀಪಾವಳಿ ಬಂತು, ಊರಿಗೆ ಹೋದೆ. ನಮ್ಮದು ಕಾಗವಾಡ ತಾಲ್ಲೂಕು. ಅಪ್ಪ ಮತ್ತು ಕಾಕಾನ ನಡುವೆ ವಾಟ್ನಿಯ ಮಾತು ನಡೆದಿತ್ತು. ಹೊಳೆದಂಡೆಯ ಮೂರು ಎಕರೆ ಮುತ್ತಜ್ಜನ ಹೆಸರಿಗೆ ಹೇಗೆ ಬಂತು ಅನ್ನೋ ಹಳೇ ಡೈರಿಯ ನಕಲು ಬೇಕಿತ್ತು. ಅದು ಸಿಗದಿದ್ದರೆ ಇಬ್ಬರೂ ಕೋರ್ಟು ಹತ್ತೋದು ಖಾತ್ರಿ. ಈಗಿನ ಉತಾರ ಮೊಬೈಲಿನಲ್ಲೇ ಕಾಣುತ್ತೆ, ಹಳೇದು ಹಾಗಲ್ಲ. ಅಪ್ಪನ ಜೊತೆ ರೆಕಾರ್ಡ್ ರೂಮಿಗೆ ಹೋದೆ.

ಸೂರಿನ ತನಕ ರ‍್ಯಾಕು, ರ‍್ಯಾಕಿನ ತುಂಬ ಬಟ್ಟೆಯಲ್ಲಿ ಕಟ್ಟಿದ ಗಂಟುಗಳು. ಅಲ್ಲಿದ್ದ ಹಿರಿಯರು ಊರು, ಸರ್ವೆ ನಂಬರು ಕೇಳಿದರು, ಏಣಿ ಹತ್ತಿದರು, ಹತ್ತು ನಿಮಿಷದಲ್ಲಿ ಗಂಟು ಇಳಿಸಿದರು. ನಮ್ಮ ರ‍್ಯಾಕಿನಲ್ಲಿ ಒಂದು ಸರ್ವರು ಹುಡುಕಲು ನನಗೆ ಒಂದು ದಿನ ಬೇಕು! "ಇಷ್ಟೆಲ್ಲಾ ಇಡಾಕ ಜಾಗ ಹೆಂಗ ಸಾಲ್ತೈತ್ರಿ ಕಾಕಾ?" ಅಂದೆ. "ಬಂದದ್ದೆಲ್ಲಾ ಇಟ್ಕೊಂತ ಹ್ವಾದ್ರ ಇಡೀ ಊರ ಸಾಲೂದಿಲ್ಲ ತಮ್ಮಾ. ಯಾವ ಗಂಟು ಎಷ್ಟ ವರ್ಷ ಇರಬೇಕು ಅನ್ನೂದು ಮೊದಲ ಬರದ ಇಡಬೇಕು" ಅಂದರು.

ಎ ಅಂದರೆ ಶಾಶ್ವತ. ಬಿ 30 ವರ್ಷ, ಸಿ 10 ವರ್ಷ, ಅದರ ಕೆಳಗಿನವು ಇನ್ನೂ ಬೇಗ ನಾಶಕ್ಕೆ. ಮುತ್ತಜ್ಜನ ಡೈರಿ ಎ ಗಂಟಿನಲ್ಲಿತ್ತು.

ಬಸ್ಸಿನಲ್ಲಿ ವಾಪಸ್ ಬರುವಾಗ ಇದೇ ತಲೆಯಲ್ಲಿ. ನಮ್ಮ ಸೀಮೆಗೆ ಈ ಜಾಗದ ತಾಪತ್ರಯ ಹೊಸದಲ್ಲ. ಪೇಶ್ವೆಯರ ಕಾಲದ ಲೆಕ್ಕಪತ್ರಗಳು ಪುಣೆಯ ದಫ್ತರದಲ್ಲಿ ರುಮಾಲು ಅಂತ ಕರೆಯುವ ಬಟ್ಟೆಗಂಟುಗಳಲ್ಲಿ ಸಾವಿರಗಟ್ಟಲೆ ಕೂತಿವೆ. ಜಿ.ಎಸ್. ಸರ್‌ದೇಸಾಯಿ ಅದರಿಂದ ಆರಿಸಿದ್ದನ್ನು 1930ರ ದಶಕದಲ್ಲಿ ಅಚ್ಚು ಹಾಕಿಸಿದರು, ಅಷ್ಟಕ್ಕೇ 45 ಸಂಪುಟ ಆಯಿತು. ಮುಂದೆ ಮುಂಬಯಿ ಪ್ರಾಂತ್ಯದಲ್ಲಿ 1903ರಲ್ಲಿ ಹಕ್ಕುದಾಖಲೆಯ ಕಾಯಿದೆ ಬಂತು, ಹೊಲದ ಹಕ್ಕಿಗೆಲ್ಲ ಕಾಗದ ಹುಟ್ಟಿತು. ರಾಯಬಾಗ 1949ರ ತನಕ ಕೊಲ್ಲಾಪುರ ಸಂಸ್ಥಾನದ್ದು, ಅದರ ಕಾಗದದ ದಾರಿಯೇ ಬೇರೆ. 1956ರಲ್ಲಿ ನಾವೆಲ್ಲ ಮೈಸೂರು ರಾಜ್ಯಕ್ಕೆ ಸೇರಿದೆವು. ಸರಕಾರ ಆರ್‌ಟಿಸಿ ಅಂದರೂ ಚಿಕ್ಕೋಡಿ ಕಡೆಯ ರೈತನ ಬಾಯಲ್ಲಿ ಅದು ಇವತ್ತಿಗೂ ಉತಾರವೇ.

ಆಮೇಲೆ ಭೂಮಿ ಯೋಜನೆ. 2000ದ ಆಸುಪಾಸಿನಲ್ಲಿ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳತ್ವದಲ್ಲಿ, ಎನ್‌ಐಸಿ ತಂತ್ರಾಂಶದಿಂದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆಗ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಉತಾರ ಸಿಗುತ್ತಿತ್ತು! ದಾಖಲೆ ತಿದ್ದುವವನು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು, ಮೊದಲು ಬಂದ ಅರ್ಜಿ ಮೊದಲು. ಮುಂದೆ ತಾಲ್ಲೂಕುಗಳ ದಾಖಲೆ ಬೆಂಗಳೂರಿನ ರಾಜ್ಯ ಡೇಟಾ ಸೆಂಟರಿಗೂ ಬಂತು. 2017ರ ಬಜೆಟ್ಟಿನಲ್ಲಿ 49 ಹೊಸ ತಾಲ್ಲೂಕು ಘೋಷಿಸಿದಾಗ ಚಿಕ್ಕೋಡಿಯಿಂದ ನಿಪ್ಪಾಣಿ, ಅಥಣಿಯಿಂದ ಕಾಗವಾಡ ಬೇರೆಯಾದವು. ಕಂಪ್ಯೂಟರಿನಲ್ಲಿ ಊರುಗಳ ಪಟ್ಟಿ ಬದಲಿಸೋದು ಸುಲಭ, ಕಾಗದದ ಗಂಟು ಸೀಳೋದು ಅಷ್ಟು ಸುಲಭವಲ್ಲ. 2024ರಲ್ಲಿ ಶುರುವಾದ ಭೂ ಸುರಕ್ಷಾ ಯೋಜನೆಯಲ್ಲಿ ಈ ಹಳೇ ಗಂಟುಗಳನ್ನೂ ಸ್ಕ್ಯಾನ್ ಮಾಡುತ್ತಿದ್ದಾರೆ.

ಸರಿ, ಕಾಗದ ಸರ್ವರಿಗೆ ಹೋಯಿತು, ಜಾಗದ ಚಿಂತೆ ಮುಗೀತಾ? ಇಲ್ಲ. ಸರ್ವರೂ ಗಂಟೇ. 2015ರಲ್ಲಿ ಜೊನಾಥನ್ ಕೂಮಿ, ಜಾನ್ ಟೇಲರ್ ಅನ್ನುವವರು ನಡೆಸಿದ ಅಧ್ಯಯನದಲ್ಲಿ 30 ಪ್ರತಿಶತ ಸರ್ವರುಗಳು ಆರು ತಿಂಗಳಿಂದ ಯಾವ ಕೆಲಸವನ್ನೂ ಮಾಡದೆ ಬರೀ ಕರೆಂಟು ತಿನ್ನುತ್ತಿದ್ದವು. ಒಂದೇ ಯಂತ್ರವನ್ನು ಹಲವು ಯಂತ್ರಗಳಂತೆ ದುಡಿಸುವ ವಿದ್ಯೆ ಐಬಿಎಂನಲ್ಲಿ 1960ರ ದಶಕದಲ್ಲೇ ಇತ್ತು. 1998ರಲ್ಲಿ ಹುಟ್ಟಿದ ವಿಎಂವೇರ್ ಅದನ್ನು ನಮ್ಮಂಥವರ ಸಣ್ಣ ಸರ್ವರುಗಳಿಗೂ ತಂತು. ವಿದ್ಯೆ ಇದೆ. ಯಾವ ಪೆಟ್ಟಿಗೆ ಯಾರದು ಅನ್ನೋದೇ ಗೊತ್ತಿಲ್ಲದಿದ್ದರೆ ಏನನ್ನು ಸೇರಿಸ್ತೀರಿ, ಏನನ್ನು ತೆಗೀತೀರಿ?

ಬೆಂಗಳೂರಿಗೆ ಬಂದವನೇ ರೆಕಾರ್ಡ್ ರೂಮಿನ ಕಾಕಾನ ಪದ್ಧತಿ ಹಿಡಿದೆ. ಪ್ರತಿ ಪೆಟ್ಟಿಗೆಗೂ ಯಾರದು, ಏನು ಕೆಲಸ, ಎಷ್ಟು ದಿನ ಇರಬೇಕು ಅಂತ ಬರೆದೆ. ಸಣ್ಣ ಕೆಲಸದವನ್ನು ದೊಡ್ಡ ಯಂತ್ರಗಳಿಗೆ ಸೇರಿಸಿದೆವು. ಬರೀ ಜಾಗ ನೋಡಿದರೆ ಸಾಲದು, ಆ ರ‍್ಯಾಕಿಗೆ ಎಷ್ಟು ಕರೆಂಟು ಬರುತ್ತೆ, ಎಷ್ಟು ಬಿಸಿ ಹೊರಹೋಗುತ್ತೆ ಅನ್ನೋದೇ ನಿಜವಾದ ಮಿತಿ. ಖಾಲಿಯಾದ ಗೂಡುಗಳಿಗೆ ಮುಚ್ಚಳ ಹಾಕಿದೆವು, ಇಲ್ಲದಿದ್ದರೆ ಹಿಂದಿನ ಬಿಸಿಗಾಳಿ ತಿರುಗಿ ಮುಂದಕ್ಕೇ ಬರುತ್ತೆ.

ಒಂದು ಪೆಟ್ಟಿಗೆಗೆ ಮಾತ್ರ ವಾರಸುದಾರರೇ ಇರಲಿಲ್ಲ. ಎಸೆಯೋಣ ಅಂದರು. ಆರಿಸೋಣ, ಆದರೆ ಒಂದು ತಿಂಗಳು ಗೂಡಿನಲ್ಲೇ ಇರಲಿ ಅಂದೆ. 23ನೇ ದಿನ ಲೆಕ್ಕಪತ್ರ ವಿಭಾಗದ ಮೇಡಂ ಓಡಿ ಬಂದರು, ಹಿಂದಿನ ಐದು ವರ್ಷದ ಸಂಬಳದ ಲೆಕ್ಕ ಅದರಲ್ಲೇ ಇತ್ತಂತೆ! ನನ್ನ ಕೈಕಾಲು ತಣ್ಣಗಾದವು.

ಹೊಸ ರ‍್ಯಾಕ್ ಬೇಕಾಗಲಿಲ್ಲ. ಮ್ಯಾನೇಜರ್ ಬೆನ್ನು ತಟ್ಟಿದರು. ನನಗೆ ಮಾತ್ರ ಆ ಡೈರಿಯೇ ನೆನಪಾಗುತ್ತಿತ್ತು. ಜಾಗ ಉಳಿಸೋದು ಅಂದರೆ ಏನನ್ನು ಕಳಕೊಂಡರೂ ನಡೆಯುತ್ತೆ ಅಂತ ತೀರ್ಮಾನಿಸೋದು. ಯಾರೋ ಒಬ್ಬ ಗುಮಾಸ್ತ ಎಷ್ಟೋ ವರ್ಷದ ಹಿಂದೆ ನಮ್ಮ ಮುತ್ತಜ್ಜನ ಕಾಗದವನ್ನು ಸಿ ಗಂಟಿಗೆ ಹಾಕಿದ್ದರೆ? ಅವನು ಎ ಅಂತ ಬರೆದ. ಅದಕ್ಕೇ ಈ ಸಲ ಅಪ್ಪ, ಕಾಕಾ ಒಂದೇ ಪಂಕ್ತಿಯಲ್ಲಿ ಕೂತು ಹೋಳಿಗೆ ಉಂಡರು.

ನಿಮ್ಮ ಮನೆಯ ಹಳೇ ಟ್ರಂಕಿನಲ್ಲೂ ಇಂಥ ಕಾಗದ ಇರಬಹುದು. ಎಸೆಯೋ ಮುಂಚೆ ಒಂದು ಸಲ ಬಿಚ್ಚಿ ನೋಡಿ.