ಎಂಟು ಕಿಲೋಮೀಟರಿನ ನೆರೆಹೊರೆ

2014ರ ಫೆಬ್ರವರಿ 27ರಂದು ನಮ್ಮ ಮಗಳು ಐದು ಅಂಕ ಕಳೆದುಕೊಂಡಳು. ಅವಳಿಗೆ ಆಗ ಮೂರು ವರ್ಷ ತುಂಬಿ ಕೆಲವೇ ತಿಂಗಳಾಗಿತ್ತು. ಪರೀಕ್ಷೆ ಬರೆದಿರಲಿಲ್ಲ, ಪೆನ್ಸಿಲ್ ಹಿಡಿಯಲೂ ಬರುತ್ತಿರಲಿಲ್ಲ. ಅಂಕ ಬಂದದ್ದು ನನ್ನ ವರ್ಗಾವಣೆಯ ಆದೇಶದಿಂದ, ಹೋದದ್ದು ದೆಹಲಿಯ ಉಪರಾಜ್ಯಪಾಲರ ಆದೇಶದಿಂದ. ಆ ಸಂಜೆ ನಮ್ಮ ಎದುರು ಮನೆಯವರು ಹಾಲ್‌ನಲ್ಲಿ ಜೋರಾಗಿ ನಗುತ್ತಿದ್ದದ್ದು ನಮಗೆ ಕೇಳಿಸಿತು. ಅವರ ಮಗಳಿಗೂ ಮೂರು ವರ್ಷ. ನಾವು ಬಾಗಿಲು ಮುಚ್ಚಿಕೊಂಡೆವು.

ದೆಹಲಿಯಲ್ಲಿ ನರ್ಸರಿ ಸೀಟಿಗಾಗಿ ಓಡಾಡಿದ ಯಾರಿಗೂ ಈ ಮಾತು ಉತ್ಪ್ರೇಕ್ಷೆ ಅನ್ನಿಸಲಾರದು. ಮುಂಬೈ, ಪುಣೆ, ಹೈದರಾಬಾದಿನ ಓದುಗರಿಗಾಗಿ ಇದರ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ಮಗು ತನ್ನ ಮನೆಯ ಹತ್ತಿರದ ಶಾಲೆಗೇ ಹೋಗಬೇಕು, ಆ ಕೇರಿಯ ಎಲ್ಲ ಜಾತಿ, ವರ್ಗದ ಮಕ್ಕಳೂ ಅಲ್ಲಿ ಒಟ್ಟಿಗೆ ಕೂರಬೇಕು ಎಂಬುದು ನಮ್ಮ ದೇಶದಲ್ಲಿ ಹಳೆಯ ಆದರ್ಶ. ಡಿ.ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗ 1966ರ ವರದಿಯಲ್ಲಿ ಇದನ್ನು ನೆರೆಹೊರೆಯ ಶಾಲೆ ಎಂದು ಕರೆದು ಶಿಫಾರಸು ಮಾಡಿತ್ತು. ಶಿಫಾರಸು ಕಾಗದದಲ್ಲೇ ಉಳಿಯಿತು. ದೆಹಲಿ ಬೆಳೆದದ್ದು ಬೇರೆ ರೀತಿ. ದೆಹಲಿ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಡಿಡಿಎ, ಅನೇಕ ಖಾಸಗಿ ಶಾಲೆಗಳಿಗೆ ರಿಯಾಯಿತಿ ದರದಲ್ಲಿ ಜಮೀನು ಕೊಟ್ಟಿತು. ಹಂಚಿಕೆಯ ಪತ್ರದಲ್ಲಿ, ಆ ಬಡಾವಣೆಯ ನಿವಾಸಿಗಳಿಗೆ ಶಾಲೆ ಪ್ರವೇಶ ನಿರಾಕರಿಸಬಾರದು ಎಂಬ ಷರತ್ತೂ ಇರುತ್ತಿತ್ತು. ಆ ಷರತ್ತನ್ನು ಬಹಳ ವರ್ಷ ಯಾರೂ ತೆಗೆದು ಓದಲಿಲ್ಲ.

ಹಾಗಾಗಿ ಒಳ್ಳೆಯದೆಂದು ಹೆಸರಾದ ಶಾಲೆಗಳು ತಮಗೆ ಬೇಕಾದವರನ್ನು ಆರಿಸಿಕೊಳ್ಳುತ್ತ ಬಂದವು. ಮೂರು ವರ್ಷದ ಮಗುವನ್ನು ಕೂರಿಸಿ ಪ್ರಶ್ನೆ ಕೇಳುವುದು, ತಂದೆತಾಯಿಯ ಇಂಗ್ಲಿಷ್ ಪರೀಕ್ಷಿಸುವುದು ನಡೆದಿತ್ತು. ಈ ಸಂದರ್ಶನಗಳ ವಿರುದ್ಧ ದಾವೆ ನಡೆದಾಗ ದೆಹಲಿ ಹೈಕೋರ್ಟ್ 2006ರಲ್ಲಿ ಸಿಬಿಎಸ್‌ಇ ಅಧ್ಯಕ್ಷರಾಗಿದ್ದ ಅಶೋಕ್ ಗಂಗೂಲಿಯವರ ಸಮಿತಿಯನ್ನು ನೇಮಿಸಿತು. ಸಂದರ್ಶನ ಬಿಡಿ, 100 ಅಂಕಗಳ ಪದ್ಧತಿ ಇಡಿ ಎಂದಿತು ಸಮಿತಿ. ಮನೆ ಎಷ್ಟು ದೂರ, ಅಣ್ಣ ಅಕ್ಕ ಅದೇ ಶಾಲೆಯಲ್ಲಿದ್ದಾರೆಯೇ, ಅಪ್ಪ ಅಮ್ಮ ಅಲ್ಲಿ ಓದಿದವರೇ ಎಂಬಂಥ ಪ್ರಶ್ನೆಗಳಿಗೆ ಅಂಕ. 2007ರ ನವೆಂಬರಿನ ಸರ್ಕಾರಿ ಆದೇಶ ಸಂದರ್ಶನಗಳನ್ನು ನಿಷೇಧಿಸಿತು, ಆದರೆ ಅಂಕ ಹಂಚುವ ಬಗೆಯನ್ನು ಬಹುಮಟ್ಟಿಗೆ ಶಾಲೆಗಳಿಗೇ ಬಿಟ್ಟಿತು.

2013ರಲ್ಲಿ ನಾನು ಬ್ಯಾಂಕಿನ ವರ್ಗಾವಣೆಯ ಮೇಲೆ ಧಾರವಾಡದಿಂದ ದೆಹಲಿಗೆ ಬಂದೆ. ಯಮುನೆಯ ಆಚೆ ಮಯೂರ್ ವಿಹಾರದಲ್ಲಿ ಬಾಡಿಗೆ ಮನೆ. ಮನೆ ನೋಡುವಾಗ ನಾವು ಕೇಳಿದ್ದು ನೀರು, ಮೆಟ್ರೊ, ತರಕಾರಿ ಅಂಗಡಿ. ಶಾಲೆ ಎಷ್ಟು ದೂರವೆಂದು ಕೇಳಬೇಕೆಂಬುದು ಹೊಳೆಯಲಿಲ್ಲ. ಎದುರು ಮನೆಯವರೇ ನಮಗೆ ಈ ಲೋಕದ ಅಕ್ಷರಾಭ್ಯಾಸ ಮಾಡಿಸಿದ್ದು. ಗಂಡ ಹೆಂಡತಿ ಇಬ್ಬರೂ ಪೂರ್ವ ದೆಹಲಿಯಲ್ಲೇ ಹುಟ್ಟಿ ಬೆಳೆದವರು. ಯಾವ ಶಾಲೆಯ ಫಾರ್ಮ್ ಯಾವಾಗ, ಯಾವುದಕ್ಕೆ ಯಾವ ದಾಖಲೆ ಎಂದು ಆಕೆ ನನಗೆ ಒಂದು ಹಳೆಯ ಡೈರಿಯಲ್ಲಿ ಬರೆದುಕೊಟ್ಟಿದ್ದರು. ಆಕೆ ನನಗೆ ದೀದಿ ಎನ್ನುತ್ತಿದ್ದರು. ಮಕ್ಕಳಿಬ್ಬರೂ ಒಂದೇ ಟ್ರೈಸಿಕಲ್ಲಿಗೆ ಕಿತ್ತಾಡುತ್ತಿದ್ದರು.

ಆ ವರ್ಷ ಡಿಸೆಂಬರ್ 18ರಂದು ಉಪರಾಜ್ಯಪಾಲ ನಜೀಬ್ ಜಂಗ್ ಹೊಸ ನಿಯಮ ಹೊರಡಿಸಿದರು. ಆಡಳಿತ ಮಂಡಳಿಯ ಶೇ 20ರ ಕೋಟಾ ರದ್ದಾಯಿತು, ಎಲ್ಲ ಖಾಸಗಿ ಶಾಲೆಗಳಿಗೂ ಒಂದೇ ಅಂಕಪಟ್ಟಿ ಬಂತು. ಶಾಲೆಯಿಂದ 8 ಕಿಲೋಮೀಟರಿನೊಳಗೆ ಮನೆಯಿದ್ದರೆ 70, ಒಡಹುಟ್ಟಿದವರು ಅಲ್ಲಿದ್ದರೆ 20, ಅಪ್ಪನೋ ಅಮ್ಮನೋ ಹಳೆಯ ವಿದ್ಯಾರ್ಥಿಯಾಗಿದ್ದರೆ 5, ಬೇರೆ ರಾಜ್ಯದಿಂದ ವರ್ಗವಾಗಿ ಬಂದಿದ್ದರೆ 5. ಉದ್ದೇಶ ಒಳ್ಳೆಯದಿತ್ತು. ಶಿಫಾರಸು ಚೀಟಿ, ಡೊನೇಷನ್, ಪರಿಚಯ ಇವಕ್ಕೆ ಬಾಗಿಲು ಹಾಕಬೇಕು ಎಂಬುದು.

ಲೆಕ್ಕ ಮಾತ್ರ ತಪ್ಪಿತ್ತು. 8 ಕಿಲೋಮೀಟರ್ ತ್ರಿಜ್ಯದ ವೃತ್ತವೆಂದರೆ ಸುಮಾರು 200 ಚದರ ಕಿಲೋಮೀಟರ್. ಇಡೀ ದೆಹಲಿಯ ವಿಸ್ತೀರ್ಣ 1,483. ಒಂದು ಶಾಲೆಯ 'ನೆರೆಹೊರೆ' ನಗರದ ಏಳನೆಯ ಒಂದು ಭಾಗವಾದರೆ ಅದು ನೆರೆಹೊರೆ ಹೇಗಾದೀತು? ಆ ವೃತ್ತದೊಳಗಿನ ಸಾವಿರಾರು ಮಕ್ಕಳು ಒಂದೇ 70ರಲ್ಲಿ ಬಂದು ನಿಂತರು. ಎಲ್ಲರೂ ಸಮಾನರಾದ ಮೇಲೆ ತೀರ್ಮಾನಿಸುವುದು ಉಳಿದ ಐದು ಅಂಕ. 75 ಇದ್ದವರು ಒಳಗೆ, 70 ಇದ್ದವರು ಚೀಟಿ ಎತ್ತುವ ಡಬ್ಬಿಯೊಳಗೆ.

"ಐದು ಮಾರ್ಕ್ಸ್ ಅದಾವಲ್ಲ, ಯಾಕ ಚಿಂತಿ ಮಾಡ್ತಿ?" ಎಂದರು ನಮ್ಮವರು. ಅದೇ ಐದು ಎದುರು ಮನೆಯ ನಿದ್ದೆ ಕೆಡಿಸಿತ್ತು. ಒಂದು ದಿನ ಮೆಟ್ಟಿಲ ಮೇಲೆ ಆಕೆ ನೇರವಾಗಿಯೇ ಕೇಳಿದರು: "ದೀದಿ, ನೀವು ಬಂದು ಒಂದು ವರ್ಷವೂ ಆಗಿಲ್ಲ. ನಾವು ಇಲ್ಲೇ ಹುಟ್ಟಿದವರು. ನಿಮಗೆ ಎಪ್ಪತ್ತೈದು, ನಮಗೆ ಎಪ್ಪತ್ತು. ಇದು ನ್ಯಾಯವಾ?"

ನಾನು ಉತ್ತರ ಕೊಟ್ಟೆ. ಪಟ್ಟಿಯ ನಾಲ್ಕು ಅಂಶಗಳಲ್ಲಿ ಮೂರು ಬೇರು ಬಿಟ್ಟವರಿಗೆ: ವಿಳಾಸ, ಒಡಹುಟ್ಟು, ಹಳೆಯ ವಿದ್ಯಾರ್ಥಿ. ಧಾರವಾಡದಲ್ಲಿ ಓದಿದ ನಾನು ದೆಹಲಿಯ ಯಾವ ಶಾಲೆಯ ಹಳೆಯ ವಿದ್ಯಾರ್ಥಿಯಾಗಲಿ? ಸರ್ಕಾರವೋ ಬ್ಯಾಂಕೋ ಎತ್ತಿ ಒಗೆದಲ್ಲಿ ಹೋಗುವವರಿಗೆ ಇರುವುದು ಇದೊಂದೇ. ಈ ವಾದ ಸರಿಯೆಂದೇ ನಾನು ಇಂದಿಗೂ ನಂಬಿದ್ದೇನೆ. ಆದರೆ ಅಂದು ಆಕೆಗೆ ಹೇಳದೆ ಬಿಟ್ಟ ಒಂದು ಸಂಗತಿಯೂ ಇದೆ.

ಆ ಜನವರಿಯಲ್ಲಿ ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಒಬ್ಬ ಕನ್ನಡಿಗರ ಮನೆಗೆ ಹೋಗಿದ್ದೆವು. ದೆಹಲಿಯಲ್ಲಿ ಒಂಬತ್ತು ವರ್ಷದಿಂದ ಇದ್ದವರು. ಮಾತಿನ ನಡುವೆ ಯಜಮಾನರು ಒಂದು ಕಾಗದ ತೋರಿಸಿದರು. ಬೆಂಗಳೂರಿನಲ್ಲಿ ಭಾವನ ಕಂಪನಿ. ಅದರ ಲೆಟರ್‌ಹೆಡ್ ಮೇಲೆ ಇವರು ಹಿಂದಿನ ವರ್ಷವಷ್ಟೇ ಬೆಂಗಳೂರಿನಿಂದ ದೆಹಲಿಗೆ ವರ್ಗವಾದಂತೆ ಪತ್ರ. "ಎಲ್ಲರೂ ಮಾಡ್ತಾರೆ, ನಾವು ಮಾಡಿದ್ರೆ ಏನ್ ತಪ್ಪು?" ಎಂದು ನಕ್ಕರು. ನಾವೂ ನಕ್ಕೆವು. ನಮ್ಮವರಲ್ಲವೇ! ಪರದೇಶಿಯಂತಿರುವ ಊರಲ್ಲಿ ಕನ್ನಡ ಮಾತಾಡುವ ಮನೆಯೊಂದನ್ನು ಕಳೆದುಕೊಳ್ಳುವುದು ಯಾರಿಗೆ ಬೇಕು?

ಫೆಬ್ರವರಿಯಲ್ಲಿ ದೂರುಗಳು ರಾಶಿ ಬಿದ್ದವು: ವರ್ಗಾವಣೆಯ ಅಂಕ ದುರುಪಯೋಗವಾಗುತ್ತಿದೆ, ಸುಳ್ಳು ಪತ್ರಗಳು ಬರುತ್ತಿವೆ ಎಂದು. 27ನೇ ತಾರೀಖು ಆ ಐದು ಅಂಕಗಳನ್ನು ಎಲ್ಲರಿಗೂ ರದ್ದು ಮಾಡಲಾಯಿತು, ಸುಳ್ಳು ಪತ್ರದವರಿಗೂ ನನ್ನಂಥವರಿಗೂ. ವರ್ಗವಾಗಿ ಬಂದ ಪೋಷಕರು ಹೈಕೋರ್ಟಿಗೆ ಹೋದರು. 70ರ ಪೋಷಕರು ಅವರ ಎದುರು ನಿಂತರು. ಮಕ್ಕಳ ಪ್ರವೇಶ ತಡೆದು ನಿಂತಿತು. ಏಪ್ರಿಲ್ ಮೊದಲ ವಾರ ಆರಂಭವಾಗಬೇಕಿದ್ದ ನರ್ಸರಿ ತರಗತಿಗಳು ಖಾಲಿ ಉಳಿದವು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮಧ್ಯೆ ಬಂದು, ಮೊಕದ್ದಮೆ ಹೂಡಿದ್ದ ವರ್ಗಾವಣೆಯ ಮಕ್ಕಳಿಗೆ ಹೆಚ್ಚುವರಿ ಸೀಟಿನ ದಾರಿ ತೋರಿಸಿದ ಮೇಲೆಯೇ ಗಂಟು ಸಡಿಲಾದದ್ದು. ನಾವು ಮೊಕದ್ದಮೆಯಲ್ಲಿ ಸೇರಿರಲಿಲ್ಲ. ಲಾಯರ್ ಫೀಸಿನ ನೆಪ ಹೇಳಿಕೊಂಡೆವು. ನಿಜವೆಂದರೆ, ಕೋರ್ಟಿನಲ್ಲಿ ನಿಂತು 'ಸುಳ್ಳು ಪತ್ರಗಳು ಯಾರವು?' ಎಂಬ ಪ್ರಶ್ನೆ ಕೇಳಿಸಿಕೊಳ್ಳಲು ನನಗೆ ಧೈರ್ಯವಿರಲಿಲ್ಲ.

ಚೀಟಿ ಎತ್ತಿದರು. ಎದುರು ಮನೆಯ ಮಗುವಿಗೆ ಬಂತು, ನಮ್ಮದಕ್ಕೆ ಬರಲಿಲ್ಲ. ಆಕೆ ಮಿಠಾಯಿ ತಂದು ಬಾಗಿಲು ತಟ್ಟಿದರು. ಮನೆಯಲ್ಲಿದ್ದೂ ನಾನು ತೆರೆಯಲಿಲ್ಲ.

ಗೆರೆಯೊಂದನ್ನು ಸರಿಸಿದಾಗ ಪೋಷಕರು ಪರಸ್ಪರ ತಿರುಗಿ ಬೀಳುವುದು ದೆಹಲಿಯ ವಿಶೇಷವೇನಲ್ಲ. ಆಮೇಲೆ ಓದುತ್ತ ಹೋದಾಗ ನನಗೆ ಹೆಚ್ಚು ಕಾಡಿದ್ದು ಅಮೆರಿಕದ ಬಾಸ್ಟನ್ ನಗರದ ಕಥೆ. ಅಲ್ಲಿ ಕಪ್ಪು ಮಕ್ಕಳನ್ನು ಬೇರೆ ಶಾಲೆಗಳಲ್ಲೇ ಇಟ್ಟಿದ್ದಾರೆಂದು 1974ರ ಜೂನಿನಲ್ಲಿ ನ್ಯಾಯಾಧೀಶ ಆರ್ಥರ್ ಗ್ಯಾರಿಟಿ ತೀರ್ಪು ಕೊಟ್ಟರು. ಮಕ್ಕಳನ್ನು ಬಸ್ಸಿನಲ್ಲಿ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಒಯ್ಯಬೇಕಾಯಿತು. ಆ ಸೆಪ್ಟೆಂಬರಿನಲ್ಲಿ ಸೌತ್ ಬಾಸ್ಟನ್ನಿನ ಬಿಳಿಯರು ಕಪ್ಪು ಮಕ್ಕಳ ಬಸ್ಸುಗಳಿಗೆ ಕಲ್ಲು ಹೊಡೆದರು. ಅದು ಜನಾಂಗದ್ವೇಷವೇ, ಅದಕ್ಕೆ ಬೇರೆ ಹೆಸರು ಬೇಡ. ನಮ್ಮ ಮೆಟ್ಟಿಲ ಜಗಳವನ್ನು ಅದರ ಪಕ್ಕ ಇಡುವುದೂ ತಪ್ಪು. ಆದರೆ ಒಂದು ವಿವರ ಮಾತ್ರ ನಮಗೂ ತಾಗುತ್ತದೆ. ಅದೇ ಜುಲೈನಲ್ಲಿ ಡೆಟ್ರಾಯಿಟ್ ನಗರದ ಪ್ರಕರಣವೊಂದರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಇಂಥ ಪರಿಹಾರವನ್ನು ಸಾಮಾನ್ಯವಾಗಿ ನಗರದ ಗಡಿಯಾಚೆಯ ಉಪನಗರಗಳಿಗೆ ಎಳೆಯುವಂತಿಲ್ಲ ಎಂದಿತು. ಅಂದರೆ ಬಾಸ್ಟನ್ನಿನ ಗೆರೆಯೊಳಗೆ ಸಿಕ್ಕಿಕೊಂಡವರಲ್ಲಿ ಎರಡೂ ಕಡೆಯ ಬಡವರೇ ಬಹಳ. ಉಳ್ಳವರ ಒಳ್ಳೆಯ ಶಾಲೆಗಳು ಗೆರೆಯಾಚೆ ನೆಮ್ಮದಿಯಾಗಿದ್ದವು.

ನಮ್ಮ ಜಗಳದಲ್ಲಿ ಗೆರೆಯಾಚೆ ಯಾರಿದ್ದರು? ನಮ್ಮ ಮನೆಗೆ ಪಾತ್ರೆ ತಿಕ್ಕಲು ಬರುತ್ತಿದ್ದ ಹೆಂಗಸಿನ ಮಗನಿಗೂ ಅದೇ ವಯಸ್ಸು. ಅವನು ಕಾರ್ಪೊರೇಷನ್ ಶಾಲೆಗೆ ಸೇರುವವನು. ಆ ಶಾಲೆ ನಮ್ಮ ಮನೆಯಿಂದ ನಡೆದು ಐದು ನಿಮಿಷ, ಕೊಠಾರಿ ಆಯೋಗ ಬಯಸಿದ ನಿಜವಾದ ನೆರೆಹೊರೆಯ ಶಾಲೆ. 75ರವರೂ 70ರವರೂ ಅದರ ಹೆಸರನ್ನೇ ಎತ್ತಲಿಲ್ಲ. ಕಾನೂನಿನ ಪ್ರಕಾರ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಶೇ 25ರಷ್ಟು ಸೀಟು ಇದೆಯೆಂದು ಆಕೆಗೆ ನಾನೂ ಹೇಳಲಿಲ್ಲ. ನನ್ನ ಐದು ಅಂಕ ಎಣಿಸುವುದರಲ್ಲೇ ಮುಳುಗಿದ್ದೆ.

ಮುಂದೆ ಗೆರೆ ಹಿಗ್ಗುತ್ತ ಕುಗ್ಗುತ್ತ ಹೋಯಿತು. 2014ರ ನವೆಂಬರ್ 28ರಂದು ದೆಹಲಿ ಹೈಕೋರ್ಟ್ ಆ ನಿಯಮಗಳನ್ನೇ ರದ್ದುಗೊಳಿಸಿ, ಅನುದಾನವಿಲ್ಲದ ಖಾಸಗಿ ಶಾಲೆಗಳ ಸ್ವಾಯತ್ತತೆಯನ್ನು ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸರ್ಕಾರ ಡಿಡಿಎ ಜಮೀನಿನ 298 ಶಾಲೆಗಳಿಗೆ ಹಳೆಯ ಷರತ್ತನ್ನು ನೆನಪಿಸಿ, ಮೊದಲು ಒಂದು ಕಿಲೋಮೀಟರಿನೊಳಗಿನ ಮಕ್ಕಳಿಗೆ ಸೀಟು ಕೊಡಬೇಕು ಎಂದಿತು. 200 ಚದರ ಕಿಲೋಮೀಟರಿನ ನೆರೆಹೊರೆ ಮೂರಕ್ಕೆ ಇಳಿಯಿತು. ದೂರದ ಪೋಷಕರು ಸಿಟ್ಟಾದರು, ಹತ್ತಿರದವರು ಹಿಗ್ಗಿದರು, ಫೆಬ್ರವರಿ 14ರಂದು ಹೈಕೋರ್ಟ್ ಅದಕ್ಕೂ ತಡೆ ಕೊಟ್ಟಿತು. ಮಗುವಿನ ಹಣೆಬರಹವನ್ನು ನಕ್ಷೆ ಬರೆಯಬಾರದು ಎಂಬುದು ಆ ಆದೇಶದ ತಿರುಳು. ಮಾತು ಸರಿ. ಆದರೆ ನಕ್ಷೆಯನ್ನು ಕೈಬಿಟ್ಟ ಮೇಲೆ ಆರಿಸುವ ಪೆನ್ನು ಮತ್ತೆ ಶಾಲೆಯ ಕೈಗೇ ಹೋಗುತ್ತದೆ.

ನಮಗಿಂತ ಹಿಂದೆ ಬಂದ ವಲಸಿಗರು ಬೇರೆ ದಾರಿ ಹಿಡಿದಿದ್ದರು. ಲೋದಿ ಎಸ್ಟೇಟಿನ ದೆಹಲಿ ಕನ್ನಡ ಶಾಲೆ, ತಮಿಳರ, ಆಂಧ್ರದವರ ಸಂಘಗಳ ಶಾಲೆಗಳು ಎದ್ದದ್ದು ಹೀಗೆ. ಇರುವ ಸೀಟಿಗೆ ಕಿತ್ತಾಡದೆ ಇಲ್ಲದ ಸೀಟನ್ನು ಅವರು ಕಟ್ಟಿದರು. ಇವತ್ತು ಆ ಶಾಲೆಗಳಲ್ಲಿ ಎಲ್ಲ ಭಾಷೆಯ ಮಕ್ಕಳೂ ಓದುತ್ತಾರೆ. ನಮ್ಮ ತಲೆಮಾರು ಕಟ್ಟಲಿಲ್ಲ. ಅಂಕ ಎಣಿಸಿತು.

ಮಗಳು ಒಂದು ಸಣ್ಣ ಶಾಲೆ ಸೇರಿದಳು, ಚೆನ್ನಾಗಿಯೇ ಓದಿದಳು. ಎದುರು ಮನೆಯವರು ಎರಡು ವರ್ಷದ ನಂತರ ಬೇರೆಡೆ ಹೋದರು. ಆಕೆ ಬರೆದುಕೊಟ್ಟ ಡೈರಿ ನನ್ನಲ್ಲೇ ಉಳಿಯಿತು.

ಕಳೆದ ಡಿಸೆಂಬರಿನಲ್ಲಿ ಅದೇ ಎದುರು ಮನೆಗೆ ದಾವಣಗೆರೆಯ ಜೋಡಿಯೊಂದು ಬಂತು, ಮೂರು ವರ್ಷದ ಮಗನ ಜೊತೆ. "ಅಕ್ಕಾ, ಯಾವ ಶಾಲೆಗೆ ಎಷ್ಟು ಪಾಯಿಂಟು, ಒಸಿ ಹೇಳ್ತೀರಾ?" ಎಂದಳು ಹುಡುಗಿ. ಡೈರಿ ತೆಗೆದು ಕೊಟ್ಟೆ, ಹಳೆಯದಾಯಿತು, ಕ್ರಮವಾದರೂ ತಿಳಿಯುತ್ತದೆ ಎಂದೆ. ಕಾರ್ಪೊರೇಷನ್ ಶಾಲೆಯ ಗೇಟನ್ನೂ ತೋರಿಸಿದೆ. ಅವಳು ಅದನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ ಕೇಳಿದಳು: "ನಿಮ್ಮ ಮಗಳನ್ನ ನೀವು ಇಲ್ಲಿಗೆ ಕಳಿಸಿದ್ರಾ ಅಕ್ಕಾ?"

ಇಲ್ಲ ಎಂದೆ.