ಕೆಡವುವ ಮುನ್ನ ಒಂದು ಕಿಂಡಿ

1975ರಲ್ಲಿ ಪ್ಯಾರಿಸ್ಸಿನ ಬೋಬೂರ್ ಬೀದಿಯಲ್ಲಿ ಹದಿನೇಳನೆಯ ಶತಮಾನದ ಎರಡು ಮನೆಗಳು ನೆಲಕ್ಕುರುಳಲು ದಿನ ಎಣಿಸುತ್ತ ನಿಂತಿದ್ದವು. ಪಕ್ಕದಲ್ಲೇ ಪಾಂಪಿದು ಕಲಾಕೇಂದ್ರದ ಉಕ್ಕಿನ ಹಂದರ ಮೇಲೇಳುತ್ತಿತ್ತು. ಸಮೀಪದ ಲೆ ಆಲ್ ಸಗಟು ಮಾರುಕಟ್ಟೆ 1969ರಲ್ಲೇ ಊರಾಚೆಗೆ ಹೋಗಿತ್ತು. ಅದರ ಕಬ್ಬಿಣದ ಮಂಟಪಗಳನ್ನು 1971ರಿಂದ ಕೆಡವಲಾಯಿತು. ನಗರ ಯೋಜನೆಯ ಹೊಸ ನಕ್ಷೆಯಲ್ಲಿ ಈ ಮನೆಗಳಿಗೂ ಜಾಗವಿರಲಿಲ್ಲ.

ಪ್ಯಾರಿಸ್ ಬಿಯೆನಾಲೆಗೆ ಬಂದಿದ್ದ ಅಮೆರಿಕದ ಗಾರ್ಡನ್ ಮಟ್ಟಾ-ಕ್ಲಾರ್ಕ್ ಆ ಮನೆಗಳನ್ನೇ ಕಲಾಕೃತಿಯಾಗಿಸಿದ. ಕಾರ್ನೆಲ್‌ನಲ್ಲಿ ವಾಸ್ತುಶಿಲ್ಪ ಓದಿ, ಕಟ್ಟುವುದಕ್ಕಿಂತ ಕಟ್ಟಡ ಕತ್ತರಿಸುವುದರಲ್ಲೇ ಹೆಸರಾದವನು ಈತ. ಹೊರಗೋಡೆಯಲ್ಲಿ ಸುಮಾರು ನಾಲ್ಕು ಮೀಟರ್ ಅಗಲದ ದುಂಡು ಕಿಂಡಿ. ಅಲ್ಲಿಂದ ನೆಲ, ಗೋಡೆ, ತೊಲೆಗಳನ್ನು ಸೀಳುತ್ತ, ಕಿರಿದಾಗುತ್ತ, ಓರೆಯಾಗಿ ಮೇಲೇರಿದ ಶಂಕು. ಹೆಸರು ‘ಕೋನಿಕಲ್ ಇಂಟರ್‌ಸೆಕ್ಟ್’. ದಾರಿಹೋಕರಿಗೆ ಮನೆಯ ಹೊಟ್ಟೆಯೊಳಗಿನ ಮಹಡಿಗಳ ಪದರಗಳೆಲ್ಲ ಕಾಣುತ್ತಿದ್ದವು.

ಹೇಗೂ ಬೀಳಲಿರುವ ಮನೆಗೆ ತೂತು ಕೊರೆಯುವುದು ಎಂಥ ಕಲೆ ಎಂದು ಯಾರಾದರೂ ಕೇಳಿಯಾರು. ಕೇಳಬೇಕಾದದ್ದೇ. ಆದರೆ ತಗಡಿನ ಬೇಲಿಯ ಮರೆಯಲ್ಲಿ ಮುಗಿದುಹೋಗುವ ಕೆಲಸವನ್ನು, ಎರಡು ಮನೆಗಳ ಮಟ್ಟಿಗಾದರೂ, ಆ ಕಿಂಡಿ ಬೀದಿಯವರ ಕಣ್ಣಿಗೆ ಬೀಳಿಸಿತು.

ಮನೆಗಳು ನೆಲಸಮವಾದವು. ಪಾಂಪಿದು ಕೇಂದ್ರ 1977ರಲ್ಲಿ ಬಾಗಿಲು ತೆರೆಯಿತು. ಮರುವರ್ಷ ಮಟ್ಟಾ-ಕ್ಲಾರ್ಕ್ ತನ್ನ 35ನೆಯ ವಯಸ್ಸಿನಲ್ಲಿ ತೀರಿಕೊಂಡ. ಕೃತಿಯ ಗುರುತಾಗಿ ಉಳಿದಿರುವುದು ಛಾಯಾಚಿತ್ರಗಳು ಮತ್ತು ಒಂದು ಮೂಕಿ ಚಿತ್ರ.