ಯಂತ್ರ ತೋರಿದ್ದು, ಕಣ್ಣು ಕಂಡದ್ದು



"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬುದು ನಮ್ಮ ಹಿರಿಯರ ಮಾತು. ಸ್ತನ ಕ್ಯಾನ್ಸರ್ ತಪಾಸಣೆಯ ಇತಿಹಾಸವೆಲ್ಲ ಈ ಗಾದೆಯ ವ್ಯಾಖ್ಯಾನವೆಂದರೆ ತಪ್ಪಾಗಲಾರದು. ಯಂತ್ರ ಹೊಸದಾದ ಮಾತ್ರಕ್ಕೆ ವೈದ್ಯರ ತೀರ್ಪು ನಿಖರವಾಗುವುದೇ?

1913ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಆಲ್ಬರ್ಟ್ ಸಾಲೊಮೋನ್, ಶಸ್ತ್ರಕ್ರಿಯೆಯಲ್ಲಿ ತೆಗೆದ ಸುಮಾರು 3,000 ಸ್ತನಗಳ ಕ್ಷ-ಕಿರಣ ಚಿತ್ರಗಳ ಅಧ್ಯಯನವನ್ನು ಪ್ರಕಟಿಸಿದರು. 1960ರಲ್ಲಿ ಹ್ಯೂಸ್ಟನ್ನಿನ ರಾಬರ್ಟ್ ಈಗನ್, ಕಡಿಮೆ ವೋಲ್ಟೇಜಿನ ಕಿರಣದಿಂದ ಸ್ಪಷ್ಟ ಚಿತ್ರ ಪಡೆಯುವ ವಿಧಾನವನ್ನು ರೂಪಿಸಿದರು. 1963ರಲ್ಲಿ ನ್ಯೂಯಾರ್ಕಿನಲ್ಲಿ ಸುಮಾರು 62,000 ಮಹಿಳೆಯರ ಮೇಲೆ ಆರಂಭವಾದ ಪ್ರಯೋಗವು, ತಪಾಸಣೆಯಿಂದ ಸಾವು ಕಡಿಮೆಯಾಗುವುದೆಂದು ತೋರಿಸಿತು.

1990ರ ದಶಕದ ಕೊನೆಯಲ್ಲಿ ನಾವು ಎಂ.ಬಿ.ಬಿ.ಎಸ್. ಮುಗಿಸಿ ಈ ದೇಶದಲ್ಲಿ ರೆಸಿಡೆನ್ಸಿಗೆ ಸೇರಿದಾಗ, ಬೆಳಕಿನ ಪೆಟ್ಟಿಗೆಯ ಮೇಲೆ ಫಿಲ್ಮ್ ತೂಗುಹಾಕಿ, ಭೂತಗನ್ನಡಿ ಹಿಡಿದು ಸುಣ್ಣದ ಕಣಗಳನ್ನು ಹುಡುಕುತ್ತಿದ್ದೆವು. ನಮ್ಮ ತಪ್ಪುಗಳು ಎರಡು ಬಗೆಯವು: ಇದ್ದುದನ್ನು ಕಾಣದಿರುವುದು, ಇಲ್ಲದುದನ್ನು ಶಂಕಿಸುವುದು. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹತ್ತು ಮಂದಿ ರೇಡಿಯಾಲಜಿಸ್ಟರು ಅದೇ 150 ಮ್ಯಾಮೊಗ್ರಾಮ್‌ಗಳನ್ನು ಓದಿದರು. ಕ್ಯಾನ್ಸರ್ ಇಲ್ಲದವರಲ್ಲಿ ಒಬ್ಬರು ಶೇ. 11 ಮಂದಿಗೆ ತಕ್ಷಣದ ಪರೀಕ್ಷೆ ಬೇಕೆಂದರೆ, ಇನ್ನೊಬ್ಬರು ಶೇ. 65 ಮಂದಿಗೆ ಬೇಕೆಂದರು. ಚಿತ್ರ ಒಂದೇ, ಕಣ್ಣು ಬೇರೆ.

ಈ ಅಂತರವನ್ನು ತುಂಬಲೆಂದು 1998ರಲ್ಲಿ ಕಂಪ್ಯೂಟರ್ ನೆರವಿಗೆ ಅನುಮತಿ ದೊರೆಯಿತು. ಸಂಶಯಾಸ್ಪದ ಜಾಗಗಳಿಗೆ ಅದು ಗುರುತು ಹಾಕುತ್ತಿತ್ತು. ನಾವು ಹಿಗ್ಗಿದೆವು. ಆದರೆ 2007ರಲ್ಲಿ ಪ್ರಕಟವಾದ 43 ಕೇಂದ್ರಗಳ ಅಧ್ಯಯನ ನಮ್ಮ ಹಿಗ್ಗನ್ನು ಇಳಿಸಿತು. ಗಣಕವನ್ನು ಅಳವಡಿಸಿಕೊಂಡ ಕೇಂದ್ರಗಳಲ್ಲಿ, ರೋಗವಿಲ್ಲದವರನ್ನು ಸರಿಯಾಗಿ ಗುರುತಿಸಿದ ಪ್ರಮಾಣ ಶೇ. 90.2ರಿಂದ 87.2ಕ್ಕೆ ಕುಸಿದಿತ್ತು, ಬಯಾಪ್ಸಿಗಳು ಸುಮಾರು ಶೇ. 20ರಷ್ಟು ಹೆಚ್ಚಿದ್ದವು, ಪತ್ತೆಯಾದ ಕ್ಯಾನ್ಸರುಗಳಲ್ಲಿ ಗಣನೀಯ ಏರಿಕೆ ಇರಲಿಲ್ಲ. ಒಂದೊಂದು ಅನಗತ್ಯ ಬಯಾಪ್ಸಿಯ ಹಿಂದೆಯೂ ನಿದ್ದೆಗೆಟ್ಟ ಒಬ್ಬ ತಾಯಿ, ಒಂದು ಮನೆ ಇತ್ತೆಂಬುದನ್ನು ಮರೆಯುವಂತಿಲ್ಲ.

ಹಾಗೆಂದು ಯಂತ್ರವನ್ನು ಹಳಿಯುವುದೂ ಸಲ್ಲದು. 2005ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು, ಒಟ್ಟಾರೆ ಡಿಜಿಟಲ್ ಮತ್ತು ಫಿಲ್ಮ್ ಸಮಾನವಾದರೂ 50 ವರ್ಷದೊಳಗಿನವರಲ್ಲಿ ಹಾಗೂ ಸಾಂದ್ರ ಸ್ತನವುಳ್ಳವರಲ್ಲಿ ಡಿಜಿಟಲ್ ಮೇಲೆಂದು ತೋರಿಸಿತು. 2023ರಲ್ಲಿ ಸ್ವೀಡನ್ನಿನಿಂದ 80,000 ಮಹಿಳೆಯರ ವರದಿ ಬಂದಿತು. ಕೃತಕ ಬುದ್ಧಿಮತ್ತೆಯ ನೆರವಿದ್ದಲ್ಲಿ ಸಾವಿರಕ್ಕೆ ಆರು, ಇಲ್ಲದಲ್ಲಿ ಐದು ಕ್ಯಾನ್ಸರ್ ಪತ್ತೆಯಾಗಿದ್ದವು. ಓದುವ ಹೊರೆಯೂ ಶೇ. 44ರಷ್ಟು ತಗ್ಗಿತ್ತು. ಆದರೆ ಅದೇ ವರ್ಷ ಜರ್ಮನಿಯ ಪ್ರಯೋಗವೊಂದರಲ್ಲಿ, ಯಂತ್ರ ಬೇಕೆಂದೇ ತಪ್ಪು ಸಲಹೆ ಕೊಟ್ಟಾಗ, ನುರಿತ ರೇಡಿಯಾಲಜಿಸ್ಟರ ಸರಿಯುತ್ತರಗಳೂ ಶೇ. 82ರಿಂದ ಸುಮಾರು 46ಕ್ಕೆ ಇಳಿದವು. ಕಣ್ಣು ತಾನು ಕಂಡದ್ದನ್ನು ಬಿಟ್ಟು ಯಂತ್ರ ಹೇಳಿದ್ದನ್ನು ನಂಬಿತ್ತು.

ಆದುದರಿಂದ ನಮ್ಮ ಸೋದರಿಯರಲ್ಲಿ ಒಂದೇ ವಿನಂತಿ. ತಪಾಸಣೆಯನ್ನು ಮುಂದೂಡಬೇಡಿ. ಬೆಂಗಳೂರಿನಿಂದ ಬಂದವರಾಗಲಿ, ಊರಿಂದೂರಿಗೆ ಕೆಲಸ ಬದಲಿಸಿದವರಾಗಲಿ, ಹಳೆಯ ಮ್ಯಾಮೊಗ್ರಾಮ್‌ಗಳನ್ನು ತಪ್ಪದೆ ಜೊತೆಗೆ ತನ್ನಿ. ಹಳೆಯದರ ಪಕ್ಕದಲ್ಲಿ ಹೊಸದನ್ನಿಟ್ಟು ನೋಡಿದಾಗ ನಮ್ಮ ಸಂಶಯಗಳಲ್ಲಿ ಎಷ್ಟೋ ತಾವಾಗಿಯೇ ಕರಗುತ್ತವೆ. ಪ್ರಮಾಣಿಸಿ ನೋಡುವುದೆಂದರೆ ಇದೇ.